ಹಣದ ಮೇಲೆ ಅಚ್ಚಾದ ನಂಬಿಕೆ

ಚಲಾವಣೆಗಾಗಿ ಒಂದು ಸೆಂಟ್ ನಾಣ್ಯ ಟಂಕಿಸುವುದನ್ನು ಅಮೆರಿಕ 2025ರ ನವೆಂಬರ್‌ನಲ್ಲಿ ನಿಲ್ಲಿಸಿತು. ನಾಣ್ಯದ ಬೆಲೆಯ ಮೂರು ಪಟ್ಟಿಗಿಂತ ಹೆಚ್ಚು ಖರ್ಚು ಅದರ ತಯಾರಿಕೆಗೇ ಆಗುತ್ತಿತ್ತು. ಲಿಂಕನ್ನನ ತಲೆಯ ಮೇಲೆ ‘ಇನ್ ಗಾಡ್ ವಿ ಟ್ರಸ್ಟ್’, ಅಂದರೆ ದೇವರಲ್ಲಿ ನಮ್ಮ ಭರವಸೆ, ಎಂಬ ಸಾಲನ್ನು ಹೊತ್ತು 1909ರಿಂದ ಅದು ಕೈಯಿಂದ ಕೈಗೆ ಓಡಾಡಿತ್ತು. ಆ ಸಾಲನ್ನು ರಾಷ್ಟ್ರದ ಅಧಿಕೃತ ಧ್ಯೇಯವಾಕ್ಯವೆಂದು ಸಾರಿದ ಕಾನೂನಿಗೆ 2026ರ ಜುಲೈ 30ಕ್ಕೆ 70 ವರ್ಷ. ಗಣರಾಜ್ಯದ ಸ್ವಾತಂತ್ರ್ಯ ಘೋಷಣೆಗೆ ಅದೇ ತಿಂಗಳು 250. ಧರ್ಮಕ್ಕೂ ಪ್ರಭುತ್ವಕ್ಕೂ ನಡುವೆ ಗೋಡೆಯಿರಬೇಕೆಂದು ಆಧುನಿಕ ಜಗತ್ತಿಗೆ ಕಲಿಸಿದ ದೇಶವೇ ತನ್ನ ಹಣದ ಮೇಲೆ ದೇವರ ಹೆಸರು ಬರೆದುಕೊಂಡದ್ದು ಹೇಗೆ, ಆ ದಾರಿಯಲ್ಲಿ ಯಾರು ಏನನ್ನು ಪಡೆದರು, ಏನನ್ನು ಕಳೆದುಕೊಂಡರು ಎಂದು ಹಿಂದಿರುಗಿ ನೋಡಲು ಇದು ತಕ್ಕ ಸಮಯ.

1787ರ ಸಂವಿಧಾನದಲ್ಲಿ, ಕೊನೆಗೆ ದಿನಾಂಕ ಬರೆಯುವಾಗಿನ ರೂಢಿಯ ಮಾತೊಂದನ್ನು ಬಿಟ್ಟರೆ, ದೇವರ ಪ್ರಸ್ತಾಪವಿಲ್ಲ. ಸರ್ಕಾರದ ಯಾವ ಹುದ್ದೆಗೂ ಧಾರ್ಮಿಕ ಅರ್ಹತೆ ಕೇಳಕೂಡದು ಎಂದು ಅದರ ಆರನೆಯ ವಿಧಿ ಹೇಳಿತು. 1791ರ ಮೊದಲ ತಿದ್ದುಪಡಿ ಕಾಂಗ್ರೆಸ್ಸು ಯಾವ ಮತವನ್ನೂ ಸ್ಥಾಪಿಸುವಂತಿಲ್ಲ, ಯಾವ ಮತದ ಆಚರಣೆಗೂ ಅಡ್ಡಬರುವಂತಿಲ್ಲ ಎಂದಿತು. 1792ರ ಟಂಕಸಾಲೆಯ ಕಾನೂನು ನಾಣ್ಯದ ಮೇಲೆ ಕಡ್ಡಾಯವಾಗಿ ಇರಬೇಕೆಂದದ್ದು ‘ಲಿಬರ್ಟಿ’ ಎಂಬ ಪದ. ಹೀಗೆ ಮಾಡಿದವರು ನಾಸ್ತಿಕರಲ್ಲ. ಗೋಡೆಯ ಮಾತು ಹುಟ್ಟಿದ್ದು ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರ ಅಹವಾಲಿನಿಂದ. ಆ ರಾಜ್ಯದಲ್ಲಿ ಸರ್ಕಾರದ ಬೆಂಬಲವಿದ್ದದ್ದು ಇನ್ನೊಂದು ಚರ್ಚಿಗೆ. 1818ರವರೆಗೂ ಅಲ್ಲಿ ಆ ವ್ಯವಸ್ಥೆಯೇ ನಡೆಯಿತು. ತಮ್ಮ ಭಕ್ತಿ ಸರ್ಕಾರದ ದಾಕ್ಷಿಣ್ಯವಾಗಬಾರದೆಂದು ಆ ಭಕ್ತರು ಹೊಸ ಅಧ್ಯಕ್ಷರಿಗೆ ಬರೆದರು. 1802ರ ಜನವರಿ 1ರಂದು ಜೆಫರ್‌ಸನ್ ಕೊಟ್ಟ ಉತ್ತರದಲ್ಲಿ ಚರ್ಚು ಮತ್ತು ಪ್ರಭುತ್ವದ ನಡುವಣ ಗೋಡೆಯ ಮಾತು ಬಂತು. ಗೋಡೆಯನ್ನು ಕೇಳಿದವರು ದೇವರನ್ನು ನಂಬಿದವರೇ ಎಂಬುದು ಆಮೇಲಿನ ಎಲ್ಲ ಜಗಳಗಳಲ್ಲಿ ಮರೆತುಹೋಯಿತು.

ಮೊದಲ ಬದಲಾವಣೆ ಬಂದದ್ದು ಅಂತರ್ಯುದ್ಧದ ಭಯದಲ್ಲಿ. 1861ರ ನವೆಂಬರ್‌ನಲ್ಲಿ, ಬುಲ್ ರನ್ ಕಾಳಗದಲ್ಲಿ ಉತ್ತರದ ಸೇನೆ ಸೋತು ನಾಲ್ಕು ತಿಂಗಳಾಗಿದ್ದಾಗ, ಪೆನ್ಸಿಲ್ವೇನಿಯಾದ ರಿಡ್ಲಿವಿಲ್‌ನ ಪಾದ್ರಿ ಎಂ. ಆರ್. ವಾಟ್ಕಿನ್‌ಸನ್ ಖಜಾನೆ ಕಾರ್ಯದರ್ಶಿ ಸಾಲ್ಮನ್ ಚೇಸ್‌ಗೆ ಪತ್ರ ಬರೆದರು. ಈ ಗಣರಾಜ್ಯ ನುಚ್ಚುನೂರಾದರೆ ಮುಂದಿನ ಶತಮಾನಗಳ ಪುರಾತತ್ವ ಶೋಧಕರು ನಮ್ಮ ನಾಣ್ಯ ನೋಡಿ ಇವರು ದೇವರಿಲ್ಲದ ಜನ ಎಂದುಕೊಳ್ಳುವುದಿಲ್ಲವೇ ಎಂಬುದು ಅವರ ಆತಂಕ. ಚೇಸ್ ಒಂದು ವಾರದೊಳಗೆ ಟಂಕಸಾಲೆಯ ಮುಖ್ಯಸ್ಥ ಜೇಮ್ಸ್ ಪೊಲಾಕ್‌ಗೆ ಸೂಚನೆ ಕೊಟ್ಟರು. 1864ರ ಏಪ್ರಿಲ್‌ನ ಕಾನೂನಿನ ಬಲದಿಂದ ಎರಡು ಸೆಂಟಿನ ಹೊಸ ನಾಣ್ಯದ ಮೇಲೆ ಆ ಸಾಲು ಮೊದಲಿಗೆ ಮೂಡಿತು. ಆ ಹೊತ್ತಿನ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಗುಲಾಮಗಿರಿಗಾಗಿ ಬೇರೆಯಾದ ದಕ್ಷಿಣದ ರಾಜ್ಯಗಳು ತಮ್ಮ ಸಂವಿಧಾನದ ಪೀಠಿಕೆಯಲ್ಲೇ ಸರ್ವಶಕ್ತ ದೇವರ ಕೃಪೆಯನ್ನು ಬೇಡಿಕೊಂಡಿದ್ದವು. ನಮ್ಮ ಸಂವಿಧಾನದಲ್ಲಿ ದೇವರಿಲ್ಲದ್ದಕ್ಕೇ ಈ ಶಿಕ್ಷೆ ಎಂದು ಉತ್ತರದ ಕೆಲವು ಪಾದ್ರಿಗಳು ನಂಬಿ, ಪೀಠಿಕೆಯನ್ನು ತಿದ್ದಿ ಕ್ರಿಸ್ತನ ಹೆಸರು ಸೇರಿಸುವ ಚಳವಳಿ ಹೂಡಿದರು. ಕಾಂಗ್ರೆಸ್ಸು ಅದಕ್ಕೆ ಒಪ್ಪಲಿಲ್ಲ. ಸಂವಿಧಾನದಲ್ಲಿ ಸಿಗದ ಜಾಗ ನಾಣ್ಯದಲ್ಲಿ ಸಿಕ್ಕಿತು. ಲಿಂಕನ್ 1865ರ ಮಾರ್ಚ್ ಭಾಷಣದಲ್ಲಿ, ಎರಡೂ ಪಕ್ಷಗಳು ಓದುವುದು ಒಂದೇ ಬೈಬಲ್, ಬೇಡುವುದು ಒಬ್ಬನೇ ದೇವರನ್ನು, ಇಬ್ಬರ ಪ್ರಾರ್ಥನೆಯೂ ಈಡೇರುವುದು ಸಾಧ್ಯವಿಲ್ಲ ಎಂಬರ್ಥದ ಮಾತಾಡಿದರು. ದೇವರು ನಮ್ಮ ಕಡೆ ಇದ್ದಾನೆಂಬ ಧೈರ್ಯ ಆ ಮಾತಿನಲ್ಲಿ ಇಲ್ಲ. ನನಗೆ ಆ ಕಾಲದ ನಿಜವಾದ ಧಾರ್ಮಿಕ ಮಾತು ಅದೇ ಎನಿಸುತ್ತದೆ.

ಮುಂದಿನ ತಿರುವು 1907ರದು. ಶಿಲ್ಪಿ ಆಗಸ್ಟಸ್ ಸೇಂಟ್-ಗಾಡೆನ್ಸ್ ರೂಪಿಸಿದ ಸೊಗಸಾದ ಚಿನ್ನದ ನಾಣ್ಯಗಳು ಆ ಸಾಲಿಲ್ಲದೆ ಹೊರಬಂದವು. ಅದಕ್ಕೆ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್‌ರ ಒಪ್ಪಿಗೆಯಿತ್ತು. ಜನ ಸಿಟ್ಟಿಗೆದ್ದು ಕೇಳಿದಾಗ ಅವರು ಮುಚ್ಚುಮರೆಯಿಲ್ಲದೆ ಉತ್ತರಿಸಿದರು: ಇಂಥ ಪವಿತ್ರವಾದ ಮಾತು ದೇಶದ ಸ್ಮಾರಕಗಳ ಮೇಲೆ, ನ್ಯಾಯಾಲಯ ಶಾಸನಸಭೆಗಳ ಗೋಡೆಯ ಮೇಲೆ ಇರಲಿ, ಅದನ್ನು ನಾಣ್ಯದ ಮೇಲೆ ಒತ್ತಿದರೆ ಒಳಿತಾಗುವುದಿಲ್ಲ, ಅದು ದೇವರಿಗೆ ಮಾಡುವ ಅಪಚಾರಕ್ಕೆ ಹತ್ತಿರವಾದದ್ದು. ಹಣದ ಮೇಲಿನ ಆ ಸಾಲು ಗೇಲಿಗೆ ವಸ್ತುವಾಗಿದ್ದನ್ನು ತಾವೇ ಕೇಳಿರುವುದಾಗಿಯೂ ಬರೆದರು. ರೂಸ್‌ವೆಲ್ಟ್ ಚರ್ಚಿಗೆ ಹೋಗುತ್ತಿದ್ದ ಮನುಷ್ಯ. ಭಕ್ತಿಯ ಮಾನ ಕಾಯಲೆಂದೇ ಅವರು ಹೀಗೆ ವಾದಿಸಿದರು. ಕಾಂಗ್ರೆಸ್ಸು ಕಿವಿಗೊಡಲಿಲ್ಲ. 1908ರ ಮೇ ತಿಂಗಳಲ್ಲಿ ಕಾನೂನು ಮಾಡಿ, ಹಿಂದೆ ಯಾವ ನಾಣ್ಯಗಳ ಮೇಲಿತ್ತೋ ಅವುಗಳ ಮೇಲೆ ಸಾಲನ್ನು ಮರಳಿ ತಂದಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಎರಡು ಗಣರಾಜ್ಯಗಳು ಇದೇ ಪ್ರಶ್ನೆಗೆ ಎರಡು ಬಗೆಯ ಉತ್ತರ ಕೊಟ್ಟವು. ಮೊದಲನೆಯದು ನಮ್ಮದು, ಅದರ ನಡುವೆ ನಿಂತವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್. ಐಸಿಎಸ್ ಹುದ್ದೆ ಬಿಟ್ಟು ಸುಭಾಷರ ಜೊತೆ ನಿಂತ ಕಾಮತ್, 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಪೀಠಿಕೆ ದೇವರ ಹೆಸರಿನಿಂದ ಆರಂಭವಾಗಲಿ ಎಂದು ತಿದ್ದುಪಡಿ ತಂದರು. ದೇವರನ್ನು ಬಹುಮತದ ಕೈಗೆ ಒಪ್ಪಿಸುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ಹೃದಯನಾಥ ಕುಂಜ್ರು ಇದು ಸಂಕುಚಿತ ಮನೋಭಾವ ಎಂದು ವಿರೋಧಿಸಿದರು. ಕಾಮತ್ ಪಟ್ಟು ಬಿಡದೆ ಮತಕ್ಕೆ ಹಾಕಿಸಿದರು: ಪರ 41, ವಿರೋಧ 68. ಆ 68 ಜನರಲ್ಲಿ ಬೆಳಗೆದ್ದು ಪೂಜೆ ಮಾಡುವವರು, ನಮಾಜು ಮಾಡುವವರು ಇಲ್ಲದಿರಲಿಲ್ಲ. ದೇಶವಿಭಜನೆಯ ನೆತ್ತರು ಇನ್ನೂ ಆರದ ದಿನಗಳಲ್ಲಿ, ಭಯಪಡಲು ಎಲ್ಲ ಕಾರಣಗಳಿದ್ದಾಗ, ಅವರು ಆ ತೀರ್ಮಾನಕ್ಕೆ ಬಂದರು.

ಐದು ವರ್ಷ ಕಳೆಯುವಷ್ಟರಲ್ಲಿ ಅಮೆರಿಕ ಎದುರು ದಾರಿ ಹಿಡಿಯಿತು. ಶೀತಲ ಸಮರದ ಕಾಲ. ಸೋವಿಯತ್ ಒಕ್ಕೂಟ ದೇವರಿಲ್ಲದ ರಾಜ್ಯವಾದರೆ ನಾವು ದೇವರುಳ್ಳ ರಾಜ್ಯ ಎಂದು ತೋರಿಸುವ ತವಕ. 1892ರಲ್ಲಿ ಬ್ಯಾಪ್ಟಿಸ್ಟ್ ಪಾದ್ರಿ ಫ್ರಾನ್ಸಿಸ್ ಬೆಲಮಿ ಬರೆದ ಧ್ವಜ ಪ್ರತಿಜ್ಞೆಯಲ್ಲಿ ದೇವರಿರಲಿಲ್ಲ. 1954ರ ಜೂನ್ 14ರಂದು ಸೇರಿಸಲಾಯಿತು. 1955ರಲ್ಲಿ ಫ್ಲಾರಿಡಾದ ಚಾರ್ಲ್ಸ್ ಬೆನೆಟ್ ತಂದ ಮಸೂದೆ ಎಲ್ಲ ನೋಟು ನಾಣ್ಯಗಳ ಮೇಲೂ ಆ ಸಾಲನ್ನು ಕಡ್ಡಾಯ ಮಾಡಿತು. ಭೌತವಾದಿ ಕಮ್ಯುನಿಸಂ ಸ್ವಾತಂತ್ರ್ಯದ ಮೇಲೆ ದಾಳಿಯಿಡುತ್ತಿರುವಾಗ ನಮ್ಮ ಸ್ವಾತಂತ್ರ್ಯದ ಬುನಾದಿಯನ್ನು ಗಟ್ಟಿಮಾಡಬೇಕೆಂಬುದು ಅವರ ವಾದ. 1956ರಲ್ಲಿ ಅದು ರಾಷ್ಟ್ರದ ಧ್ಯೇಯವಾಕ್ಯವಾಯಿತು. 1957ರ ಅಕ್ಟೋಬರ್‌ನಲ್ಲಿ ಒಂದು ಡಾಲರ್ ನೋಟಿನ ಮೇಲೆ ಬಂತು. ಸದನದಲ್ಲಿ ಎದುರು ಮಾತಾಡಿದವರು ಇಲ್ಲವೆಂದೇ ಹೇಳಬೇಕು. 1782ರಿಂದ ರಾಜಮುದ್ರೆಯ ಮೇಲಿದ್ದ ‘ಇ ಪ್ಲೂರಿಬಸ್ ಉನಮ್’, ಹಲವರಿಂದ ಒಂದು, ಎಂಬ ಹಳೆಯ ಮಾತು ಸದ್ದಿಲ್ಲದೆ ಎರಡನೆಯ ಸಾಲಿಗೆ ಸರಿಯಿತು. ನಾನಾ ದೇಶಗಳಿಂದ ಬಂದವರ ನಾಡಿಗೆ ಅದಕ್ಕಿಂತ ತಕ್ಕ ಮಾತು ಇರಲಿಲ್ಲ. ಈ ಲೆಕ್ಕದಲ್ಲಿ ಅದು ಮೊದಲ ನಷ್ಟ.

ಎರಡನೆಯ ನಷ್ಟ ನ್ಯಾಯಾಲಯಗಳಲ್ಲಿ ಆಯಿತು, ಮತ್ತು ಅದು ಭಕ್ತರಿಗೇ ಆಯಿತು. ಸುಪ್ರೀಂ ಕೋರ್ಟ್ 1962 ಮತ್ತು 1963ರಲ್ಲಿ ಸರ್ಕಾರಿ ಶಾಲೆಗಳು ನಡೆಸುವ ಪ್ರಾರ್ಥನೆಯನ್ನೂ ಬೈಬಲ್ ಪಠಣವನ್ನೂ ನಿಲ್ಲಿಸಿ ಗೋಡೆಯನ್ನು ಎತ್ತರಿಸಿತು. ಆ ಲಾಭ ಸಣ್ಣದಲ್ಲ. ಆದರೆ ಹಣದ ಮೇಲಿನ ಸಾಲು ಉಳಿಯಬೇಕಿದ್ದರೆ ಅದು ಪ್ರಾರ್ಥನೆಯಲ್ಲ ಎಂದು ಸಾಬೀತಾಗಬೇಕಿತ್ತು. 1970ರಲ್ಲಿ ಒಂಬತ್ತನೇ ಸರ್ಕಿಟ್‌ನ ಮೇಲ್ಮನವಿ ನ್ಯಾಯಾಲಯ, ಈ ಸಾಲಿಗೂ ಮತಸ್ಥಾಪನೆಗೂ ಏನೇನೂ ಸಂಬಂಧವಿಲ್ಲ, ಇದು ದೇಶಭಕ್ತಿಯ, ಔಪಚಾರಿಕ ಸ್ವರೂಪದ್ದು ಎಂದಿತು. 1984ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬ್ರೆನನ್, ಹೇಳಿ ಹೇಳಿ ಇಂಥ ಮಾತುಗಳ ಧಾರ್ಮಿಕ ಸತ್ವ ಬಹುಪಾಲು ಸವೆದುಹೋಗಿದೆ ಎಂಬರ್ಥದಲ್ಲಿ ಬರೆದರು. ಈ ಸಾಲನ್ನು ತೆಗೆಸಲು ಮೈಕಲ್ ನ್ಯೂಡೋ ಮತ್ತಿತರರು ಹೂಡಿದ ದಾವೆಗಳೂ ಹೀಗೇ ಬಿದ್ದುಹೋದವು. 2019ರಲ್ಲಿ ಸುಪ್ರೀಂ ಕೋರ್ಟ್ ಇಂಥ ಅರ್ಜಿಯೊಂದನ್ನು ಕೈಗೆತ್ತಿಕೊಳ್ಳಲೇ ಇಲ್ಲ. ದೇವರ ಹೆಸರನ್ನು ನೋಟಿನ ಮೇಲೆ ಉಳಿಸಿಕೊಳ್ಳಲು ಆ ಹೆಸರಿಗೆ ಅರ್ಥವಿಲ್ಲವೆಂದು ಸರ್ಕಾರದ ವಕೀಲರು ಅರ್ಧ ಶತಮಾನ ವಾದಿಸಿದರು. ರೂಸ್‌ವೆಲ್ಟ್ ಹೆದರಿದ್ದು ಇದಕ್ಕೇ.

1965ರ ವಲಸೆ ಕಾನೂನಿನ ನಂತರ ಅಲ್ಲಿಗೆ ಹೋದ ನಮ್ಮ ಕನ್ನಡ ಕುಟುಂಬಗಳಿಗೂ ಈ ಲೆಕ್ಕದಲ್ಲಿ ಪಾಲಿದೆ. 1977ರ ಜುಲೈ 4ರಂದು ನ್ಯೂಯಾರ್ಕ್‌ನ ಫ್ಲಶಿಂಗ್‌ನಲ್ಲಿ ಗಣಪತಿಯ ಪ್ರತಿಷ್ಠೆಯಾಯಿತು. ಆಮೇಲೆ ಊರೂರಿಗೆ ದೇವಾಲಯಗಳು ಎದ್ದವು. ಸರ್ಕಾರದ ಅನುಗ್ರಹ ಬೇಡದೆ ಅವರು ಗುಡಿ ಕಟ್ಟಿಕೊಂಡರು, ಅವರ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಬೇರೆಯವರ ಪ್ರಾರ್ಥನೆ ಹೇಳದೆ ಓದಿದರು. ಎರಡೂ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರು ಕೇಳಿದ ಗೋಡೆಯ ಫಲ. ಧ್ಯೇಯವಾಕ್ಯದ ದೇವರು ಎಲ್ಲರ ದೇವರೆಂದು 1956ರಿಂದ ಆಶ್ವಾಸನೆ ಇದೆ. ಆದರೆ 2007ರ ಜುಲೈನಲ್ಲಿ ಸೆನೆಟ್‌ನಲ್ಲಿ ಮೊದಲ ಬಾರಿ ಹಿಂದೂ ಪ್ರಾರ್ಥನೆ ನಡೆದಾಗ ಗ್ಯಾಲರಿಯಿಂದ ಕೂಗೆದ್ದು, ಅಡ್ಡಿಪಡಿಸಿದವರನ್ನು ಹೊರಗೆ ಕರೆದೊಯ್ಯಬೇಕಾಯಿತು. ಆ ಆಶ್ವಾಸನೆಯನ್ನು ನಂಬದವರು ಇದ್ದಾರೆಂಬುದು ಅಂದು ಎಲ್ಲರಿಗೂ ಕಾಣಿಸಿತು.

ಈಚಿನ ವರ್ಷಗಳ ಚಲನೆ ಒಂದೇ ದಿಕ್ಕಿನದು. 2011ರಲ್ಲಿ ಕೆಳಮನೆ 396-9 ಮತಗಳಿಂದ ಧ್ಯೇಯವಾಕ್ಯವನ್ನು ಪುನರುಚ್ಚರಿಸಿತು. 2018ರಿಂದ ಫ್ಲಾರಿಡಾ, ಟೆನಸೀ, ಸೌತ್ ಡಕೋಟ ಮೊದಲಾದ ರಾಜ್ಯಗಳು ಅದನ್ನು ಶಾಲೆಗಳಲ್ಲಿ ಪ್ರದರ್ಶಿಸಬೇಕೆಂದವು. ಗೋಡೆಯನ್ನು ಅಳೆಯಲು 1971ರಿಂದ ಬಳಕೆಯಲ್ಲಿದ್ದ ‘ಲೆಮನ್’ ಪರೀಕ್ಷೆಯನ್ನು 2022ರಲ್ಲಿ ಸುಪ್ರೀಂ ಕೋರ್ಟ್ ಕೈಬಿಟ್ಟಿತು. 2024ರಲ್ಲಿ ಲೂಯಿಸಿಯಾನ ಪ್ರತಿ ತರಗತಿಯಲ್ಲೂ ಹತ್ತು ಕಟ್ಟಳೆಗಳನ್ನು ತೂಗುಹಾಕುವ ಕಾನೂನು ಮಾಡಿತು. ಅರ್ಥವಿಲ್ಲದ ಔಪಚಾರಿಕ ಮಾತೆಂದು ಉಳಿಸಿಕೊಂಡದ್ದು ಈಗ ದೇಶದ ಧಾರ್ಮಿಕ ಮೂಲಕ್ಕೆ ಸಾಕ್ಷಿಯಾಗಿ ನಿಂತಿದೆ. ಎರಡೂ ವಾದ ಒಟ್ಟಿಗೆ ನಿಜವಾಗಿರಲಾರವು.

ಧ್ಯೇಯವಾಕ್ಯದ ಕಾನೂನನ್ನು ಹಿಂತೆಗೆಯಲು ಕಾಂಗ್ರೆಸ್ಸಿನಲ್ಲಿ ಇಂದು ಯಾರೂ ಮುಂದಾಗಲಾರರು. ಹಾಗಿದ್ದರೂ ಐದು ಸೆಂಟಿನ ನಾಣ್ಯದ ಚರಿತ್ರೆಯನ್ನು ಅವರು ಒಮ್ಮೆ ತೆರೆದು ನೋಡಬೇಕು. 1883ರಲ್ಲಿ ಅದರ ವಿನ್ಯಾಸ ಬದಲಾದಾಗ ದೇವರ ಸಾಲು ಹೋಯಿತು, 1938ರಲ್ಲಿ ಜೆಫರ್‌ಸನ್ನನ ಮುಖದೊಂದಿಗೆ ಮರಳಿತು. ನಡುವಿನ 55 ವರ್ಷ ಅದರ ಮೇಲಿದ್ದ ಧ್ಯೇಯವಾಕ್ಯ ‘ಇ ಪ್ಲೂರಿಬಸ್ ಉನಮ್’ ಒಂದೇ. ಒಂದು ಮಹಾಯುದ್ಧವನ್ನೂ ಆರ್ಥಿಕ ಮಹಾಕುಸಿತವನ್ನೂ ಕಂಡ ಆ ಕಾಲದಲ್ಲಿ ಜನ ಆ ನಾಣ್ಯವನ್ನೇ ಭಾನುವಾರ ಚರ್ಚಿನ ಕಾಣಿಕೆ ತಟ್ಟೆಗೂ ಹಾಕುತ್ತಿದ್ದರು, ಪಾದ್ರಿಗಳು ಅದನ್ನು ತೆಗೆದುಕೊಳ್ಳುತ್ತಿದ್ದರು.