ಕೋಡ್ ಬರೆಯುವವರಿದ್ದಾರೆ, ನೋಡಿಕೊಳ್ಳುವವರು ಯಾರು?

ಎಂಜಿನಿಯರಿಂಗ್ ಎರಡನೇ ವರ್ಷ ಮುಗಿಯುವಷ್ಟರಲ್ಲಿ ನಮಗೆಲ್ಲ ಒಂದು ಉಪದೇಶ ಸಿಕ್ಕೇ ಸಿಗುತ್ತದೆ: ‘ಓಪನ್ ಸೋರ್ಸ್‌ಗೆ ಕಾಂಟ್ರಿಬ್ಯೂಟ್ ಮಾಡು, ರೆಸ್ಯೂಮೆಗೆ ತೂಕ ಬರುತ್ತೆ’. ಸೀನಿಯರ್‌ಗಳು ಹೇಳುತ್ತಾರೆ, ಪ್ಲೇಸ್‌ಮೆಂಟ್ ತರಬೇತಿಗೆ ಬಂದವರು ಹೇಳುತ್ತಾರೆ, ಯೂಟ್ಯೂಬ್ ಅಂತೂ ದಿನಕ್ಕೆ ಹತ್ತು ಸಲ ಹೇಳುತ್ತದೆ. ಮಾತು ಸುಳ್ಳಲ್ಲ. ಆದರೆ ಒಂದು ತಂತ್ರಾಂಶಕ್ಕೆ ಹತ್ತಾರು ಜನ ಕೈಹಾಕಿದಾಗ ಅದು ಕೆಡದಂತೆ ಇರುವುದು ಹೇಗೆ, ಯಾರ ಕೆಲಸವನ್ನು ಯಾರು ಪರಿಶೀಲಿಸಬೇಕು, ಜಗಳವಾದರೆ ಕೊನೆಯ ಮಾತು ಯಾರದು ಎಂಬುದನ್ನು ನಮಗೆ ಯಾರೂ ಹೇಳಿಕೊಡುವುದಿಲ್ಲ. ಸಿಲೆಬಸ್‌ನಲ್ಲೂ ಅದಕ್ಕೆ ಹೆಚ್ಚು ಜಾಗವಿಲ್ಲ. ಮುಕ್ತ ತಂತ್ರಾಂಶದ ಅರ್ಧ ಕೆಲಸ ಇರುವುದೇ ಅಲ್ಲಿ ಎಂಬುದು ನನ್ನ ಅಭಿಪ್ರಾಯ.

ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಹ್ಯಾಕ್ಟೋಬರ್‌ಫೆಸ್ಟ್ ಎಂಬ ಕಾರ್ಯಕ್ರಮ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಅಕ್ಟೋಬರ್ ತಿಂಗಳಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟಿ-ಶರ್ಟ್ ಎಂದಿತ್ತು. 2020ರಲ್ಲಿ ಟಿ-ಶರ್ಟ್ ಆಸೆಗೆ ಬಿದ್ದವರು ಯಾವುದೋ ಯೋಜನೆಯ ಮಾಹಿತಿ ಕಡತಕ್ಕೆ ಒಂದು ಪದ ಸೇರಿಸಿ, ಒಂದು ಚುಕ್ಕಿ ತೆಗೆದು, ಅದನ್ನೇ ಕೊಡುಗೆ ಎಂದು ಕಳಿಸತೊಡಗಿದರು. ಸಂಬಳವಿಲ್ಲದೆ ಯೋಜನೆ ನಡೆಸುತ್ತಿದ್ದವರು ಇಂಥ ಕಸವನ್ನು ಗುಡಿಸುವುದರಲ್ಲೇ ಸುಸ್ತಾದರು. ಕೊನೆಗೆ ಸಂಘಟಕರು ತಿಂಗಳ ನಡುವೆಯೇ ನಿಯಮ ಬದಲಿಸಿ, ತಾವಾಗಿ ಒಪ್ಪಿಕೊಂಡ ಯೋಜನೆಗಳಿಗೆ ಮಾತ್ರ ಅವಕಾಶ ಎಂದರು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಜನಪ್ರಿಯ ಜಾವಾಸ್ಕ್ರಿಪ್ಟ್ ಯೋಜನೆಗೂ ಇದೇ ಗತಿ ಬಂತು. ಪಾಠದ ವಿಡಿಯೊ ಒಂದನ್ನು ನೋಡಿದ ವಿದ್ಯಾರ್ಥಿಗಳು ಅಭ್ಯಾಸಕ್ಕೆಂದು ಆ ಯೋಜನೆಯ ಕಡತಕ್ಕೆ ತಮ್ಮ ಹೆಸರು ಸೇರಿಸಿ ಕಳಿಸಿದ್ದೇ ಕಳಿಸಿದ್ದು. ಅವರಲ್ಲಿ ಬಹುಪಾಲು ನಮ್ಮ ದೇಶದವರೇ. ನಮ್ಮ ಹೆಸರು ಕಂಡ ಕೂಡಲೇ ಹೊರಗಿನವರು ಹುಬ್ಬೇರಿಸುವಂತಾದರೆ, ನಿಜವಾಗಿ ಕೆಲಸ ಮಾಡಿದ ಹುಡುಗ ಹುಡುಗಿಯರಿಗೂ ಅದರಿಂದ ನಷ್ಟ.

ಹೊಸಬರ ಪಾಲಿಗೆ ಪುಲ್ ರಿಕ್ವೆಸ್ಟ್ ಎಂದರೆ ಏನೆಂದು ಸರಳವಾಗಿ ಹೇಳುತ್ತೇನೆ. ನಾನು ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನವನು. ನಮ್ಮ ಕಡೆ ರೈತರು ಗೂಡನ್ನು ಮಾರುಕಟ್ಟೆಗೆ ತಂದರೆ ಅದಕ್ಕೊಂದು ಲಾಟ್ ನಂಬರ್ ಬೀಳುತ್ತದೆ. ರೀಲರ್‌ಗಳು ಗೂಡನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ, ಎಲ್ಲರೆದುರು ಹರಾಜಾಗುತ್ತದೆ, ತೂಕವಾಗುತ್ತದೆ, ಲೆಕ್ಕ ಬರೆಯುತ್ತಾರೆ. ಪುಲ್ ರಿಕ್ವೆಸ್ಟ್ ಕೂಡ ಹೀಗೆಯೇ ಎಲ್ಲರೆದುರು ಇಟ್ಟ ಲಾಟ್. ‘ನಾನು ಈ ಬದಲಾವಣೆ ಮಾಡಿದ್ದೇನೆ, ನೋಡಿ, ಸರಿಯಿದ್ದರೆ ಸೇರಿಸಿಕೊಳ್ಳಿ’ ಎಂಬ ಕೋರಿಕೆ. ಅದಕ್ಕೊಂದು ನಂಬರ್ ಬರುತ್ತದೆ, ಯಂತ್ರ ತಾನಾಗಿ ಕೆಲವು ಪರೀಕ್ಷೆ ನಡೆಸುತ್ತದೆ, ಇನ್ನೊಬ್ಬರು ಸಾಲು ಸಾಲಾಗಿ ಓದಿ ಪ್ರಶ್ನೆ ಕೇಳುತ್ತಾರೆ, ಒಪ್ಪಿಗೆಯಾದ ಮೇಲೆ ಮುಖ್ಯ ಕೋಡ್‌ಗೆ ಸೇರುತ್ತದೆ. ನಡೆದದ್ದೆಲ್ಲ ದಾಖಲೆಯಲ್ಲಿ ಉಳಿಯುತ್ತದೆ. ಈ ದಾರಿಗೆ ವರ್ಕ್‌ಫ್ಲೋ ಎನ್ನುತ್ತಾರೆ. ಈ ದಾರಿಯನ್ನು ನಿರ್ಧರಿಸುವವರು ಯಾರು, ಅವರನ್ನು ಆರಿಸುವವರು ಯಾರು, ತೆಗೆಯುವವರು ಯಾರು ಎಂಬುದು ಆಡಳಿತ. ಮೊದಲನೆಯದನ್ನು ಗಿಟ್ ಬಳಸುತ್ತಾ ಬಳಸುತ್ತಾ ಹೇಗೋ ಕಲಿತುಬಿಡುತ್ತೇವೆ. ಎರಡನೆಯದರ ಬಗ್ಗೆ ಯೋಚಿಸುವುದೇ ಕಡಿಮೆ.

ನಮ್ಮ ಕಾಲೇಜಿನಲ್ಲಿ ಕೆಲವು ಸೀನಿಯರ್‌ಗಳು ರೇಷ್ಮೆಗೂಡಿನ ದಿನದ ಧಾರಣೆಯನ್ನು ಕನ್ನಡದಲ್ಲಿ ತೋರಿಸುವ ಪುಟ್ಟ ಆ್ಯಪ್ ಮಾಡಿದ್ದರು. ಕೋಡ್ ಎಲ್ಲರಿಗೂ ಮುಕ್ತವಾಗಿತ್ತು. ನಮ್ಮ ಚಿಕ್ಕಪ್ಪನೂ ಸೇರಿದಂತೆ ಊರಿನ ನಾಲ್ಕಾರು ಜನ ಬಳಸುತ್ತಿದ್ದರು. ಮಾಡಿದವರು ಪದವಿ ಮುಗಿಸಿ ಕೆಲಸಕ್ಕೆ ಸೇರಿದರು. ಸರ್ವರ್ ಖಾತೆ ಒಬ್ಬರ ಸ್ವಂತ ಇಮೇಲ್‌ನಲ್ಲಿ, ಕೋಡ್ ಇನ್ನೊಬ್ಬರ ಸ್ವಂತ ಖಾತೆಯಲ್ಲಿ, ಪಾಸ್‌ವರ್ಡ್ ಮೂರನೆಯವರ ಹಳೆಯ ಫೋನಿನಲ್ಲಿ. ಒಂದು ದಿನ ಆ್ಯಪ್ ನಿಂತಿತು. ಕೋಡ್ ನಮ್ಮ ಕಣ್ಣೆದುರೇ ಇತ್ತು, ಸರಿಪಡಿಸಲು ಬರುತ್ತಲೂ ಇತ್ತು. ಆದರೆ ಸರಿಪಡಿಸಿದ್ದನ್ನು ಒಪ್ಪಿ ಸೇರಿಸುವ ಅಧಿಕಾರ ಕಾಲೇಜಿನಲ್ಲಿದ್ದ ಒಬ್ಬರಿಗೂ ಇರಲಿಲ್ಲ. ಯಾರದೂ ದುರುದ್ದೇಶವಲ್ಲ. ಅವರು ಹೊಸ ಕೆಲಸದ ಒತ್ತಡದಲ್ಲಿದ್ದರು, ಅಷ್ಟೇ. ನಾವು ಕೋಡನ್ನು ನಕಲು ಮಾಡಿಕೊಂಡು ಬೇರೆ ಹೆಸರಿನಲ್ಲಿ ಮತ್ತೆ ಆರಂಭಿಸಬೇಕಾಯಿತು. ಅಷ್ಟರಲ್ಲಿ ಚಿಕ್ಕಪ್ಪ ಮೊದಲಿನಂತೆ ಮಾರುಕಟ್ಟೆಯಲ್ಲಿರುವವರಿಗೆ ಫೋನ್ ಮಾಡಿ ಧಾರಣೆ ಕೇಳುವ ಅಭ್ಯಾಸಕ್ಕೆ ಮರಳಿದ್ದರು. ಕಳೆದುಕೊಂಡ ನಂಬಿಕೆಯನ್ನು ಮತ್ತೆ ಗಳಿಸುವುದು ಕೋಡ್ ಬರೆಯುವುದಕ್ಕಿಂತ ಕಷ್ಟ.

ನಮ್ಮ ಪುಟ್ಟ ಆ್ಯಪ್ ಬಿಡಿ, ಜಗತ್ತನ್ನೇ ನಡೆಸುವ ತಂತ್ರಾಂಶಗಳ ಸ್ಥಿತಿಯೂ ಕೆಲವೊಮ್ಮೆ ಹೀಗೇ ಇರುತ್ತದೆ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶ ಬಹುತೇಕ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಇದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಮುಖ್ಯವಾಗಿ ಒಬ್ಬರೇ, ಅದೂ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ. ಅವರು ದಣಿದಿದ್ದ ಹೊತ್ತಿನಲ್ಲಿ ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಯಾರೋ ಸಹಾಯಕ್ಕೆ ಬಂದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, ಅಧಿಕಾರ ಪಡೆದು, 2024ರಲ್ಲಿ ಒಳಗೆ ಕಳ್ಳದಾರಿ ಸೇರಿಸಿಬಿಟ್ಟರು. ಆ ವರ್ಷದ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿ ಅದನ್ನು ಪತ್ತೆ ಹಚ್ಚಿದರು. ಇಲ್ಲದಿದ್ದರೆ ಅದು ಲೆಕ್ಕವಿಲ್ಲದಷ್ಟು ಸರ್ವರ್‌ಗಳಿಗೆ ಹರಡುತ್ತಿತ್ತು. ಒಬ್ಬರ ಹೆಗಲ ಮೇಲೆಯೇ ಎಲ್ಲವನ್ನೂ ಹೊರಿಸಿ, ಅವರ ಕೆಲಸಕ್ಕೆ ಇನ್ನೊಂದು ಕಣ್ಣು ಇಲ್ಲದಂತೆ ಬಿಟ್ಟದ್ದರ ಫಲ ಅದು.

ಇದನ್ನು ಮೊದಲೇ ಅರಿತು ವ್ಯವಸ್ಥೆ ಮಾಡಿಕೊಂಡವರೂ ಇದ್ದಾರೆ. ಡೆಬಿಯನ್ ಯೋಜನೆ 1998ರಲ್ಲೇ ತನಗೊಂದು ಸಂವಿಧಾನ ಬರೆದುಕೊಂಡಿತು. ಅದರ ನಾಯಕನನ್ನು ಸದಸ್ಯರು ಪ್ರತಿವರ್ಷ ಮತ ಹಾಕಿ ಆರಿಸುತ್ತಾರೆ. ನಾವೆಲ್ಲ ಕಲಿಯುವ ಪೈಥಾನ್ ಭಾಷೆಯ ವಿಷಯದಲ್ಲಿ ಬಹುಕಾಲ ಕೊನೆಯ ಮಾತು ಅದನ್ನು ಹುಟ್ಟುಹಾಕಿದ ಗಿಡೊ ವಾನ್ ರೋಸಮ್ ಅವರದೇ ಆಗಿತ್ತು. ಒಂದು ಹೊಸ ಸೌಲಭ್ಯದ ಕುರಿತು ನಡೆದ ಕಹಿ ವಾದದ ನಂತರ 2018ರ ಜುಲೈನಲ್ಲಿ ಅವರು ಆ ಹೊಣೆಯಿಂದ ಹಿಂದೆ ಸರಿದರು. ಸಮುದಾಯ ಹಲವು ಆಡಳಿತ ಮಾದರಿಗಳನ್ನು ಚರ್ಚಿಸಿ, ಮತ ಹಾಕಿ, 2019ರಲ್ಲಿ ಐವರ ಸಮಿತಿಯನ್ನು ಆರಿಸಿಕೊಂಡಿತು. ಒಂದೇ ಕಂಪನಿಯ ಇಬ್ಬರಿಗಿಂತ ಹೆಚ್ಚು ಜನ ಸಮಿತಿಯಲ್ಲಿ ಇರುವಂತಿಲ್ಲ ಎಂಬ ನಿಯಮವನ್ನೂ ಮಾಡಿಕೊಂಡಿತು. ಹುಟ್ಟುಹಾಕಿದವರು ಪಕ್ಕಕ್ಕೆ ಸರಿದರೂ ಪೈಥಾನ್ ನಿಲ್ಲಲಿಲ್ಲ.

ಕನ್ನಡದಲ್ಲೂ ಇಂಥ ಪಾಠಗಳಿವೆ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಅಲ್ಲಿ ಸಮುದಾಯದ ಚರ್ಚೆ ನಡೆಯುವ ಪುಟಕ್ಕೆ ‘ಅರಳಿ ಕಟ್ಟೆ’ ಎಂದೇ ಹೆಸರು. ಯಾರು ಬೇಕಾದರೂ ತಿದ್ದಬಹುದು, ಆದರೆ ಪ್ರತಿ ತಿದ್ದುಪಡಿಯ ಇತಿಹಾಸ ಉಳಿಯುತ್ತದೆ. ನಿರ್ವಾಹಕರಾಗಬೇಕಾದರೆ ಸಮುದಾಯದ ಮುಂದೆ ಕೋರಿಕೆ ಇಟ್ಟು ಬೆಂಬಲ ಪಡೆಯಬೇಕು. ಸುಮಾರು 2009ರಿಂದ 2011ರವರೆಗೆ ಗೂಗಲ್ ತನ್ನ ಅನುವಾದ ಉಪಕರಣ ಬಳಸಿ ಇಂಗ್ಲಿಷ್ ಲೇಖನಗಳನ್ನು ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಹಾಕಿಸಿತು. ಲೇಖನಗಳ ಸಂಖ್ಯೆ ಏರಿತು. ಆದರೆ ಬಹಳಷ್ಟರ ಭಾಷೆ ಕನ್ನಡದಂತೆ ಓದಿಸಿಕೊಳ್ಳುತ್ತಿರಲಿಲ್ಲ, ತಿದ್ದುವ ಹೊರೆ ಬೆರಳೆಣಿಕೆಯ ಸ್ವಯಂಸೇವಕರ ಮೇಲೆ ಬಿತ್ತು. ತಮಿಳು ವಿಕಿಪೀಡಿಯದ ಬಳಗ ಅನುವಾದಕರ ಜೊತೆ ಮಾತಾಡಿ ಗುಣಮಟ್ಟಕ್ಕೆ ಷರತ್ತು ಹಾಕಿತು. ಬಂಗಾಳಿ ಬಳಗ ಅಂಥ ಲೇಖನಗಳನ್ನು ಒಪ್ಪಿಕೊಳ್ಳಲೇ ಇಲ್ಲ. ಬರುವ ಕೊಡುಗೆಗೆ ‘ಬೇಡ’ ಎನ್ನಲು ಅಥವಾ ‘ಹೀಗೆ ತನ್ನಿ’ ಎನ್ನಲು ಸಮುದಾಯಕ್ಕೆ ಒಂದು ದನಿ ಬೇಕು. ಈಗ ಕೃತಕ ಬುದ್ಧಿಮತ್ತೆಯಿಂದ ನಿಮಿಷಕ್ಕೊಂದು ಪುಟ ಬರೆಸಬಹುದಾದ ಕಾಲದಲ್ಲಿ ಆ ದನಿ ಇನ್ನೂ ಹೆಚ್ಚು ಬೇಕು.

ಇನ್ನೊಂದು ಉದಾಹರಣೆ ‘ಅಲರ್’ ನಿಘಂಟು. ವಿ. ಕೃಷ್ಣ ಅವರು ನಾಲ್ಕು ದಶಕಗಳಷ್ಟು ಕಾಲ ಕೂತು ಕಟ್ಟಿದ, ಸುಮಾರು 1.5 ಲಕ್ಷ ಪದಗಳ ಈ ಕನ್ನಡ–ಇಂಗ್ಲಿಷ್ ನಿಘಂಟನ್ನು 2019ರಲ್ಲಿ ಕೈಲಾಶ್ ನಾಧ್ ಅವರ ನೆರವಿನೊಂದಿಗೆ ಮುಕ್ತ ದತ್ತಾಂಶವಾಗಿ ಬಿಡುಗಡೆ ಮಾಡಲಾಯಿತು. ಇಲ್ಲಿ ಗಮನಿಸಬೇಕಾದ್ದು ಅದರ ಲೈಸೆನ್ಸ್. ನಮ್ಮಲ್ಲಿ ಹಲವರು ಕೋಡನ್ನು ಗಿಟ್‌ಹಬ್‌ನಲ್ಲಿ ಹಾಕಿದರೆ ಸಾಕು, ಅದು ಓಪನ್ ಸೋರ್ಸ್ ಎಂದುಕೊಂಡಿದ್ದಾರೆ. ಲೈಸೆನ್ಸ್ ಇಲ್ಲದ ಕೋಡ್ ಕಣ್ಣಿಗೆ ಕಂಡರೂ ಬಳಸುವ ಹಕ್ಕು ಬೇರೆಯವರಿಗಿಲ್ಲ. ಅಲರ್‌ನಲ್ಲಿ ಹಕ್ಕು ಸ್ಪಷ್ಟವಾಗಿ ಬರೆದಿರುವುದರಿಂದಲೇ ಅದನ್ನಿಟ್ಟುಕೊಂಡು ಬೇರೆಯವರು ನಿಶ್ಚಿಂತೆಯಿಂದ ಕೆಲಸ ಮಾಡಬಹುದು.

‘ಐದು ಜನರ ಕಾಲೇಜು ಕ್ಲಬ್‌ಗೆ ಸಂವಿಧಾನ ಯಾಕೆ? ನಿಯಮ ಬರೆಯುತ್ತಾ ಕೂತರೆ ಉತ್ಸಾಹವೇ ಸತ್ತುಹೋಗುತ್ತದೆ’ ಎಂದು ಗೆಳೆಯರು ವಾದಿಸುತ್ತಾರೆ. ಅದರಲ್ಲಿ ಸತ್ಯವಿದೆ. ಒಂದು ಬದಲಾವಣೆಗೆ ಮೂರು ಸಹಿ, ನಾಲ್ಕು ಫಾರಂ ಎಂದರೆ ಯಾರೂ ಬರುವುದಿಲ್ಲ. ಆದರೆ ನಮ್ಮ ಹಳ್ಳಿಯ ಹಾಲಿನ ಡೇರಿಯನ್ನೇ ನೋಡಿ. ಬೆಳಿಗ್ಗೆ ಹಾಲು ತಂದವರು ಅಲ್ಲಿ ಬೈಲಾ ಓದುತ್ತಾ ನಿಲ್ಲುವುದಿಲ್ಲ. ಹಾಲು ಪರೀಕ್ಷೆಯಾಗುತ್ತದೆ, ಅಳತೆ ಬರೆಯುತ್ತಾರೆ, ಎರಡು ನಿಮಿಷದಲ್ಲಿ ಮನೆಗೆ ಹೊರಡುತ್ತಾರೆ. ಅಷ್ಟು ಸಲೀಸಾಗಿ ನಡೆಯುವುದಕ್ಕೆ ಕಾರಣ ಹಿಂದೆ ಬೈಲಾ ಇದೆ, ಆಯ್ಕೆಯಾದ ಆಡಳಿತ ಮಂಡಳಿಯಿದೆ, ಲೆಕ್ಕಪರಿಶೋಧನೆಯಿದೆ, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯಲ್ಲಿ ಎದ್ದುನಿಂತು ಪ್ರಶ್ನೆ ಕೇಳುವ ಹಕ್ಕಿದೆ. ಕಾರ್ಯದರ್ಶಿ ಬದಲಾದರೂ ಮರುದಿನ ಹಾಲು ಹೋಗುತ್ತದೆ. ಎಂಜಿನಿಯರಿಂಗ್ ಓದದ ನಮ್ಮ ಹಿರಿಯರು ನಡೆಸಿಕೊಂಡು ಬಂದಿರುವುದನ್ನು ನಾವು ಒಂದು ಪುಟದಲ್ಲಿ ಬರೆದುಕೊಳ್ಳಲಾರೆವೇ?

ನಮ್ಮ ಆ್ಯಪನ್ನು ಮತ್ತೆ ಆರಂಭಿಸಿದಾಗ ನಾವು ಬರೆದುಕೊಂಡದ್ದು ಒಂದೇ ಪುಟ. ಕೋಡ್ ಯಾರ ಸ್ವಂತ ಖಾತೆಯಲ್ಲೂ ಇರದೆ ಕ್ಲಬ್ಬಿನ ಖಾತೆಯಲ್ಲಿರಬೇಕು. ಕೀಲಿ ಕನಿಷ್ಠ ಮೂವರ ಬಳಿ ಇರಬೇಕು, ಅದರಲ್ಲಿ ಒಬ್ಬರಾದರೂ ಎರಡನೇ ವರ್ಷದವರಾಗಿರಬೇಕು. ತಾನು ಬರೆದದ್ದನ್ನು ತಾನೇ ಸೇರಿಸುವಂತಿಲ್ಲ, ಇನ್ನೊಬ್ಬರು ಓದಿ ಒಪ್ಪಬೇಕು. ಬಂದ ಕೊಡುಗೆಗೆ ಒಂದು ವಾರದೊಳಗೆ ಉತ್ತರ ಕೊಡಬೇಕು, ತಿರಸ್ಕರಿಸಿದರೆ ಕಾರಣ ಬರೆಯಬೇಕು. ಒಮ್ಮತ ಬರದಿದ್ದರೆ ಮೂವರು ಮತ ಹಾಕಬೇಕು, ಆ ತೀರ್ಮಾನವನ್ನು ವಾಟ್ಸ್ಆ್ಯಪ್‌ನಲ್ಲಿ ಬಿಡದೆ ಯೋಜನೆಯ ಪುಟದಲ್ಲೇ ದಾಖಲಿಸಬೇಕು. ಕೊನೆಯ ವರ್ಷದವರು ಏಳನೇ ಸೆಮಿಸ್ಟರ್‌ನಲ್ಲೇ ಹೊಣೆ ಹಸ್ತಾಂತರಿಸಬೇಕು.

ಇದಕ್ಕೆ ನಾವು ಸೇರಿಸಿದ ಇನ್ನೊಂದು ನಿಯಮ: ಪ್ರಶ್ನೆಯನ್ನೂ ಚರ್ಚೆಯನ್ನೂ ಕನ್ನಡದಲ್ಲಿ ಮಾಡಬಹುದು. ಪಿಯುಸಿವರೆಗೆ ಕನ್ನಡದಲ್ಲೇ ಯೋಚಿಸಿದ ಎಷ್ಟೋ ಜನ ಕೋಡ್ ಬರೆಯಲು ಹೆದರುವುದಿಲ್ಲ, ಅದರ ಕೆಳಗೆ ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು ವಿವರಣೆ ಬರೆಯಲು ಹೆದರುತ್ತಾರೆ. ಈ ನಿಯಮ ಬಂದ ಮೇಲೆ, ಅದುವರೆಗೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದ ಇಬ್ಬರು ಹುಡುಗಿಯರು ನಮ್ಮ ಅತ್ಯುತ್ತಮ ಪರಿಶೀಲಕರಾದರು. ಧಾರಣೆಯ ಅಂಕಿಗಳಲ್ಲಿ ಕನಿಷ್ಠ, ಗರಿಷ್ಠ ಅದಲು ಬದಲಾಗಿದ್ದನ್ನು ಹಿಡಿದವರು ಅವರೇ. ಇಬ್ಬರ ಮನೆಯಲ್ಲೂ ಹುಳು ಮೇಯಿಸುತ್ತಾರೆ, ಯಾವ ಗೂಡಿಗೆ ಯಾವ ಬೆಲೆ ಎಂಬುದು ಅವರಿಗೆ ಗೊತ್ತು. ನಿಯಮ ಸರಿಯಾಗಿದ್ದರೆ ಅದು ಬಾಗಿಲು ಹಾಕುವುದಿಲ್ಲ, ಒಳಗೆ ಬರುವ ದಾರಿ ಯಾವುದೆಂದು ತೋರಿಸುತ್ತದೆ.

ಕೆಲಸ ಹುಡುಕುತ್ತಿರುವ ಗೆಳೆಯರಿಗೂ ಇದರಲ್ಲಿ ಲಾಭವಿದೆ. ಸಂದರ್ಶನ ಮಾಡುವವರು ನಿಮ್ಮ ಲಿಂಕ್ ತೆರೆದರೆ ಅಲ್ಲಿ ಎಷ್ಟು ಹಸಿರು ಚೌಕಗಳಿವೆ ಎಂಬುದಷ್ಟೇ ಕಾಣುವುದಿಲ್ಲ, ನಿಮ್ಮ ಮಾತುಕತೆಯೂ ಕಾಣುತ್ತದೆ. ಟೀಕೆಗೆ ಹೇಗೆ ಉತ್ತರಿಸಿದಿರಿ, ಹೊಸಬರಿಗೆ ಹೇಗೆ ತಿಳಿಸಿ ಹೇಳಿದಿರಿ, ಬೇರೆಯವರ ಕೋಡ್‌ನಲ್ಲಿ ಏನು ಕಂಡಿರಿ ಎಲ್ಲವೂ ಅಲ್ಲಿದೆ. ಕಂಪನಿಗಳಲ್ಲಿ ದಿನವೂ ನಡೆಯುವುದು ಅದೇ ಕೆಲಸ. ಕೋಡ್ ಬರೆಯಲು ಇನ್ನೂ ಧೈರ್ಯ ಸಾಲದಿದ್ದರೆ, ಬಂದ ದೂರುಗಳನ್ನು ವಿಂಗಡಿಸಿ, ದೋಷವನ್ನು ಅಗ್ಗದ ಫೋನಿನಲ್ಲಿ ಮರುಕಳಿಸಿ ನೋಡಿ, ಬಳಕೆಯ ವಿವರಣೆಯನ್ನು ಕನ್ನಡಕ್ಕೆ ತನ್ನಿ. ಯೋಜನೆ ನಡೆಸುವವರಿಗೆ ಅರ್ಥವಿಲ್ಲದ ಹತ್ತು ಪುಲ್ ರಿಕ್ವೆಸ್ಟ್‌ಗಳಿಗಿಂತ ಇಂಥ ಒಂದು ಸಹಾಯ ಹೆಚ್ಚು.

ಕಾಲೇಜುಗಳೂ ಒಂದು ಹೆಜ್ಜೆ ಇಡಬಹುದು. ಪ್ರತಿವರ್ಷ ಹೊಸ ಪ್ರಾಜೆಕ್ಟ್ ಮಾಡಿಸಿ ಸಿ.ಡಿ.ಯಲ್ಲೋ ಪೆನ್‌ಡ್ರೈವ್‌ನಲ್ಲೋ ಕಪಾಟಿಗೆ ಸೇರಿಸುವ ಬದಲು, ಹಿಂದಿನ ತಂಡದ ಯೋಜನೆಯನ್ನು ಮುಂದುವರಿಸಿದವರಿಗೆ, ಬೇರೆಯವರ ಕೆಲಸವನ್ನು ಚೆನ್ನಾಗಿ ಪರಿಶೀಲಿಸಿದವರಿಗೆ ಅಂಕ ಕೊಡಲಿ. ಹಾಗಾದರೆ ಹಸ್ತಾಂತರ ಎಂಬುದು ಯಾರದೋ ಒಳ್ಳೆಯತನದ ಮೇಲೆ ನಿಲ್ಲದೆ ಓದಿನ ಭಾಗವಾಗುತ್ತದೆ.

ನಿಮ್ಮ ಕ್ಲಬ್‌ನಲ್ಲಿ ಇಂಥದೊಂದು ಯೋಜನೆ ಇದ್ದರೆ ಈ ವಾರವೇ ಒಂದು ಗಂಟೆ ಕೂತು ಮೂರು ಪ್ರಶ್ನೆಗೆ ಉತ್ತರ ಬರೆಯಿರಿ: ಕೀಲಿ ಯಾರ ಬಳಿ ಇದೆ? ಬಂದ ಕೆಲಸವನ್ನು ನೋಡುವವರು ಯಾರು? ಅವರು ಹೋದ ಮೇಲೆ ಯಾರು? ಮೂರನೆಯದಕ್ಕೆ ಹೆಸರು ಸಿಗದಿದ್ದರೆ, ಮುಂದಿನ ಹೊಸ ಸೌಲಭ್ಯವನ್ನು ಸ್ವಲ್ಪ ಬದಿಗಿಟ್ಟು ಒಬ್ಬ ಜೂನಿಯರ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಲು ಶುರುಮಾಡಿ.