ಮಣ್ಣಿನ ಒಡೆತನವೂ ಮನೆಯ ಹಕ್ಕೂ

ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರವೆಂದು ಸ್ಥಳಪುರಾಣವು ಸಾರುತ್ತದೆ. ರಾಜ್ಯವನ್ನು ಕಳೆದುಕೊಂಡು ವೇಷ ಮರೆಸಿಕೊಂಡಿದ್ದ ಪಾಂಡವರು ಆ ಊರಿನ ಬ್ರಾಹ್ಮಣನೊಬ್ಬನ ಮನೆಯಲ್ಲಿ ಆಶ್ರಯ ಪಡೆದಿದ್ದರು. ಬಕಾಸುರನಿಗೆ ಬಂಡಿ ಅನ್ನವನ್ನೂ ಒಂದು ನರಬಲಿಯನ್ನೂ ಒಪ್ಪಿಸುವ ಸರದಿಯು ಆ ಮನೆಗೆ ಬಂದಾಗ ಕುಂತಿಯು ತನ್ನ ಮಗನನ್ನೇ ಕಳುಹಿಸಿದಳು. ಊರಿನ ಅನ್ನವನ್ನುಂಡು ಊರಿನ ಭಾರವನ್ನು ಹೊತ್ತವನಿಗೆ ಊರಿನಲ್ಲಿ ನಿಲ್ಲುವ ಹಕ್ಕುಂಟೆಂಬುದೇ ಈ ಕಥೆಯು ತಿಳಿಸುವ ಧರ್ಮ. ಈ ಧರ್ಮವನ್ನು ಇಂದಿನ ರಾಜನೀತಿಯು ಎಷ್ಟರಮಟ್ಟಿಗೆ ಮನ್ನಿಸಿದೆಯೆಂಬುದನ್ನು ಕನ್ನಡನಾಡಿನ ನೆರೆಯ ಗೋವೆಯ ವೃತ್ತಾಂತದಿಂದ ಪರೀಕ್ಷಿಸಬಹುದು.

1510ರಲ್ಲಿ ಮೊದಲಾದ ಪೋರ್ಚುಗೀಸರ ಆಳ್ವಿಕೆಯು ಗೋವೆಯಲ್ಲಿಯೂ ಕಾರವಾರದ ಎದುರಿಗಿರುವ ಅಂಜದೀಪದಲ್ಲಿಯೂ 1961ರ ಡಿಸೆಂಬರಿನಲ್ಲಿ ಕೊನೆಗೊಂಡಿತು. ಅದು ಕೊನೆಗೊಂಡುದು ನ್ಯಾಯವೆಂಬುದರಲ್ಲಿ ವಿವಾದವಿಲ್ಲ. ವಿವಾದವಿರುವುದು ಅನಂತರದ ವಿಷಯದಲ್ಲಿ. 1962ರ ಮಾರ್ಚಿಯಲ್ಲಿ ಹೊರಟ ಪೌರತ್ವದ ಆಜ್ಞೆಯು, ತಾನಾಗಲಿ, ತಂದೆತಾಯಿಗಳಲ್ಲಿ ಅಥವಾ ಅಜ್ಜ ಅಜ್ಜಿಯರಲ್ಲಿ ಒಬ್ಬರಾಗಲಿ 1961ರ ಡಿಸೆಂಬರ್ 20ಕ್ಕೆ ಮೊದಲು ಆ ಪ್ರದೇಶದಲ್ಲಿ ಹುಟ್ಟಿದ್ದರೆ ಅಂಥವರೆಲ್ಲರನ್ನೂ ಭಾರತದ ಪೌರರೆಂದು ಸಾರಿತು. ಇದು ಉದಾರವಾದ ವಿಧಿಯೇ ಸರಿ. ಹಳೆಯ ಪೌರತ್ವವನ್ನೇ ಇಟ್ಟುಕೊಳ್ಳಬೇಕೆನ್ನುವವರು ಮಾತ್ರ ಒಂದು ತಿಂಗಳೊಳಗೆ ಲಿಖಿತವಾಗಿ ತಿಳಿಸಬೇಕಾಗಿತ್ತು. ಗೋವೆಯ ನಿವಾಸಿಯಾದ ಒಬ್ಬ ಕ್ರೈಸ್ತ ಪಾದ್ರಿಯು ಹಾಗೆ ತಿಳಿಸಿದನು. ಒಡನೆಯೇ ಅವನು ತನ್ನ ಊರಿನಲ್ಲಿಯೇ ವಿದೇಶೀಯನಾದನು. 1964ರ ನವೆಂಬರಿನವರೆಗೆ ವಾಸಕ್ಕೆ ಅಪ್ಪಣೆ ಸಿಕ್ಕಿತು. ಆ ಅವಧಿಯು ಕಳೆದ ಮೇಲೆ, 1965ರಲ್ಲಿ, ದೇಶವನ್ನು ಬಿಡಬೇಕೆಂಬ ಆಜ್ಞೆಯೂ, ಬಿಡದಿದ್ದುದಕ್ಕೆ ಮೊಕದ್ದಮೆಯೂ ಬಂದವು. ಗೆದ್ದ ನಾಡಿನ ನಿವಾಸಿಗಳನ್ನು ಹೊರಗಟ್ಟಬಾರದೆಂಬ ಜಿನೀವಾ ಒಪ್ಪಂದವನ್ನು ಅವನು ಆಶ್ರಯಿಸಿದನು. ಗೋವೆಯು ಭಾರತದಲ್ಲಿ ಸೇರಿಹೋದ ಮೇಲೆ ಆ ಒಪ್ಪಂದದ ರಕ್ಷಣೆಯು ಉಳಿಯಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1969ರಲ್ಲಿ ತೀರ್ಮಾನಿಸಿತು. ಶಾಸನದ ಅರ್ಥವನ್ನು ಹೇಳುವುದು ನ್ಯಾಯಾಲಯದ ಕೆಲಸ. ಆದುದರಿಂದ ಇಲ್ಲಿ ದೋಷವಿರುವುದು ತೀರ್ಪಿನಲ್ಲಲ್ಲ, ಶಾಸನದಲ್ಲಿ.

ಪರರಾಜ್ಯದ ಪೌರತ್ವವನ್ನು ತಾನಾಗಿ ಆರಿಸಿಕೊಂಡವನು ಅದರ ಫಲವನ್ನೂ ಉಣ್ಣಲಿ ಎಂದು ಕೆಲವರು ವಾದಿಸುವರು. ಇದು ಮೇಲುನೋಟಕ್ಕೆ ಬಲವಾದ ವಾದ; ಆದರೆ ಎರಡು ಬೇರೆ ವಸ್ತುಗಳನ್ನು ಒಂದೇ ಗಂಟಿನಲ್ಲಿ ಕಟ್ಟುವ ವಾದ. ಮತ ಹಾಕುವ, ಅಧಿಕಾರ ವಹಿಸುವ ಹಕ್ಕು ಪೌರನಿಗೆ ಮಾತ್ರ ಸಲ್ಲಲಿ, ಯಾರೂ ಬೇಡವೆನ್ನರು. ಹುಟ್ಟಿ ಬೆಳೆದ ಮನೆಯಲ್ಲಿ ವಾಸಿಸುವ ಹಕ್ಕು ಅದಕ್ಕಿಂತ ಹಿಂದಿನದು. ಹಡಗನ್ನೇರಿ ಬಂದ ಪರದೇಶಿಗೂ ಇವನಿಗೂ ಭೇದವಿಲ್ಲವೆ? ಇವನು ಗಡಿಯನ್ನು ದಾಟಿ ಬರಲಿಲ್ಲ. ಗಡಿಯೇ ಇವನ ಮನೆಯನ್ನು ದಾಟಿ ಹೋಯಿತು.

ಭಾರತದ ಮೂಲಶಾಸನವಾದರೂ ಈ ಭೇದವನ್ನು ಅರಿಯದುದಲ್ಲ. ಬೆಂಗಳೂರಿನ ದಂಡುಪ್ರದೇಶವು 1881ರಿಂದ ಬ್ರಿಟಿಷ್ ರೆಸಿಡೆಂಟನ ಕೈಯಲ್ಲಿದ್ದು 1947ರ ಜುಲೈಯಲ್ಲಿ ಮೈಸೂರಿಗೆ ಮರಳಿತು. ಸಂವಿಧಾನದ 5ನೆಯ ಅನುಚ್ಛೇದವು ಪೌರತ್ವಕ್ಕೆ ಈ ನೆಲದಲ್ಲಿ ನೆಲಸಿರುವುದನ್ನು ಆಧಾರವಾಗಿಟ್ಟು, ಅದರೊಡನೆ ಇಲ್ಲಿ ಹುಟ್ಟಿದುದನ್ನೋ, ತಂದೆತಾಯಿಗಳಲ್ಲೊಬ್ಬರು ಹುಟ್ಟಿದುದನ್ನೋ, ಐದು ವರ್ಷದ ವಾಸವನ್ನೋ ಕೇಳಿತು. ದಂಡಿನವನಿಗೂ ಪೇಟೆಯವನಿಗೂ ಅಳತೆ ಒಂದೇ ಆಯಿತು. ಪಾಂಡಿಚೇರಿಯ ವಿಷಯದಲ್ಲಿ ಫ್ರಾನ್ಸಿನೊಡನೆ 1956ರಲ್ಲಿ ಆದ ಒಪ್ಪಂದವು 1962ರಲ್ಲಿ ಜಾರಿಗೆ ಬಂದಾಗ, ಹಳೆಯ ರಾಷ್ಟ್ರೀಯತೆಯನ್ನು ಉಳಿಸಿಕೊಳ್ಳಲು ಆರು ತಿಂಗಳ ಕಾಲ ದೊರೆಯಿತು. ಅದೇ ವರ್ಷ ಗೋವೆಗೆ ಒಂದೇ ತಿಂಗಳು! ಸಂಧಿಯಿಂದ ಬಂದ ಭೂಮಿಯ ಮನುಷ್ಯನಿಗೆ ಹೆಚ್ಚು ವಿವೇಚನೆ ಬೇಕು, ಸೇನೆಯಿಂದ ಬಂದ ಭೂಮಿಯ ಮನುಷ್ಯನಿಗೆ ಕಡಮೆ ಸಾಕು ಎಂದೇ?

ಇನ್ನೂ ವಿಚಿತ್ರವಾದುದೊಂದುಂಟು. 1947ರ ಆಗಸ್ಟ್ 15ರ ಬಳಿಕ ಭಾರತಕ್ಕೆ ಸೇರಿದ ಪ್ರದೇಶದವರೂ ಅವರ ಸಂತತಿಯವರೂ ಪರದೇಶದ ಪೌರರಾಗಿದ್ದರೂ ಸಾಗರೋತ್ತರ ಭಾರತೀಯ ಪೌರರೆಂದು ನೋಂದಣಿ ಪಡೆದು ಇಲ್ಲಿ ಜೀವಾವಧಿ ಬಂದು ಇರಬಹುದೆಂದು ಈಗಿನ ಶಾಸನವೇ ಹೇಳುತ್ತದೆ. ಹಾಗಾದರೆ ಪೌರತ್ವ ಬೇರೆ, ವಾಸ ಬೇರೆ ಎಂದು ಸರ್ಕಾರವೇ ಒಪ್ಪಿದಂತಾಯಿತು. ಊರು ಬಿಟ್ಟು ಹೋದವನ ಮೊಮ್ಮಗನಿಗೆ ಇಂದು ದೊರೆಯುವುದು ಊರಿನಲ್ಲಿಯೇ ನಿಂತವನಿಗೆ ಅಂದು ದೊರೆಯಲಿಲ್ಲ. ಅಷ್ಟೇ ಅಲ್ಲ, ಈ ನೋಂದಣಿಯನ್ನು ರದ್ದುಮಾಡುವ ಅಧಿಕಾರವೂ ಸರ್ಕಾರದಲ್ಲಿಯೇ ಇದೆ. ಆದುದರಿಂದ ಇದು ಅನುಗ್ರಹವೇ ಹೊರತು ಹಕ್ಕಲ್ಲ.

ಒಂದು ಪ್ರದೇಶವು ದೊರೆಯನ್ನು ಬದಲಾಯಿಸಿದ ದಿನ ಅಲ್ಲಿ ನೆಲಸಿದ್ದವನು ಯಾವ ಪೌರತ್ವವನ್ನು ಆರಿಸಿಕೊಂಡರೂ ಅವನ ವಾಸಕ್ಕೆ ಭಂಗವಿಲ್ಲವೆಂದು ಶಾಸನದಲ್ಲಿ ಬರೆಯಬೇಕು. ಅಪರಾಧಿಯಾದರೆ ಪೌರನಂತೆಯೇ ಅವನಿಗೂ ದಂಡನೆಯಾಗಲಿ. ಮಣ್ಣನ್ನು ಗೆಲ್ಲಬಹುದು, ಕೊಳ್ಳಬಹುದು, ಸಂಧಿಯಿಂದ ಪಡೆಯಬಹುದು. ಅದರ ಮೇಲಿನ ಮನೆಯು ಮನೆಯವನದೇ. ಏಕಚಕ್ರಪುರದ ಬಡ ಗೃಹಸ್ಥನು ಹೆಸರು ಕೇಳದೆ ನೀಡಿದ ನೆರಳನ್ನು ದೊಡ್ಡ ಗಣರಾಜ್ಯವೊಂದು ತನ್ನ ಮಣ್ಣಿನಲ್ಲಿ ಹುಟ್ಟಿದವನಿಗೆ ನೀಡಲಾರದೆಂದರೆ ಅದು ಗಣರಾಜ್ಯಕ್ಕೆ ಭೂಷಣವಲ್ಲ.