ಅರಸನ ಹೆಸರು ಹೋಗಿ ಗಾಯಕನ ಹೆಸರು ಬಂದುದು

ಉತ್ತರ ಮ್ಯಾಸಿಡೋನಿಯದ ರಾಜಧಾನಿಯಾದ ಸ್ಕೋಪ್ಯೆಯ ದೊಡ್ಡ ಕ್ರೀಡಾಂಗಣಕ್ಕೆ ಕೆಲವು ವರ್ಷಗಳ ಕಾಲ ಅಲೆಗ್ಸಾಂಡರನ ತಂದೆಯಾದ ಎರಡನೆಯ ಫಿಲಿಪ್ಪನ ಹೆಸರಿದ್ದಿತು; ದೇಶದ ಹೆಸರಿನ ವ್ಯಾಜ್ಯವನ್ನು ತೀರಿಸಲು ಗ್ರೀಸ್ ದೇಶದೊಡನೆ 2018ರಲ್ಲಿ ಪ್ರೆಸ್ಪಾ ಒಪ್ಪಂದವಾದ ತರುವಾಯ, 2019ರಲ್ಲಿ, ಆ ಹೆಸರು ಹೋಗಿ ತೋಶೆ ಪ್ರೊಯೆಸ್ಕಿ ಎಂಬ ಜನಪ್ರಿಯ ಗಾಯಕನ ಹೆಸರು ಬಂದಿತು. ದಿಗ್ವಿಜಯಿಯಾದ ಅರಸನನ್ನು ಇಳಿಸಿದ ಪೀಠದಲ್ಲಿ, ಇಪ್ಪತ್ತಾರನೆಯ ವಯಸ್ಸಿಗೇ ತೀರಿಕೊಂಡ ಹಾಡುಗಾರನನ್ನು ಕುಳ್ಳಿರಿಸಿದುದು ಕೆಲವರಿಗೆ ಅಗೌರವವೆಂದು ತೋರೀತು; ನನಗಾದರೋ, ಆ ರಾಷ್ಟ್ರವು ಈಚೆಗೆ ಮಾಡಿದ ವಿವೇಕದ ಕಾರ್ಯಗಳಲ್ಲಿ ಅದೂ ಒಂದೆಂದು ತೋರುತ್ತದೆ.

1991ರಲ್ಲಿ ಯುಗೊಸ್ಲಾವಿಯದಿಂದ ಬೇರ್ಪಟ್ಟ ಈ ಪುಟ್ಟ ದೇಶವು ತನ್ನದೆಂದು ಹೇಳಿಕೊಂಡುದೆಲ್ಲವೂ ವ್ಯಾಜ್ಯದ ವಸ್ತುವೇ ಆಯಿತು. ಹೆಸರಿಗೆ ಗ್ರೀಸಿನ ಆಕ್ಷೇಪ, ಭಾಷೆಗೆ ಬಲ್ಗೇರಿಯದ ಆಕ್ಷೇಪ, ಧರ್ಮಪೀಠದ ಸ್ವಾತಂತ್ರ್ಯಕ್ಕೆ ಸರ್ಬಿಯದ ಧರ್ಮಪೀಠದ ಆಕ್ಷೇಪ; ಧ್ವಜದ ಮೇಲಣ ಸೂರ್ಯನ ಆಕಾರವನ್ನೂ 1995ರಲ್ಲಿ ಬದಲಿಸಬೇಕಾಯಿತು. ಹೀಗೆ ಸಾರ್ವಜನಿಕ ಗೌರವಕ್ಕೆ ಯೋಗ್ಯವಾದ ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಜಗಳ ನಿಂತಿರುವ ನಾಡಿನಲ್ಲಿ, ಯಾರೊಬ್ಬರೂ ತಕರಾರೆತ್ತದ ಹೆಸರೊಂದು ದೊರೆತುದೇ ಅದೃಷ್ಟ.

1981ರಲ್ಲಿ ಪ್ರಿಲೆಪ್ ಪಟ್ಟಣದಲ್ಲಿ ಹುಟ್ಟಿ, ತುರ್ಕರ ವಿರುದ್ಧ 1903ರಲ್ಲಿ ದಂಗೆಯೆದ್ದು ಹತ್ತು ದಿನದ ಗಣರಾಜ್ಯವನ್ನು ಕಟ್ಟಿದ ಕ್ರುಶೆವೊ ಎಂಬ ಬೆಟ್ಟದೂರಿನಲ್ಲಿ ಬೆಳೆದ ಪ್ರೊಯೆಸ್ಕಿಯ ಮನೆತನ, ಅಲ್ಲಿಯ ಅಲ್ಪಸಂಖ್ಯಾತ ವ್ಲಾಹ ಜನಾಂಗದ್ದು. ಆತ ಮ್ಯಾಸಿಡೋನಿಯನ್ ಭಾಷೆಯಲ್ಲಿ ಹಾಡಿದುದಲ್ಲದೆ ಸರ್ಬಿಯನ್ ಮತ್ತು ಕ್ರೊಯೇಷಿಯನ್ ಭಾಷೆಗಳಲ್ಲಿಯೂ ಹಾಡಿದನು. ಯುಗೊಸ್ಲಾವಿಯ ಒಡೆದಾಗಿನ ಯುದ್ಧದ ಗಾಯಗಳಿನ್ನೂ ಮಾಗದಿದ್ದ ಆ ವರ್ಷಗಳಲ್ಲಿ ಬೆಲ್‌ಗ್ರೇಡ್ ಮತ್ತು ಝಾಗ್ರೆಬ್ ಎರಡೂ ನಗರಗಳು ಆತನನ್ನು ತಮ್ಮವನೆಂದು ಬಗೆದುವು. 2004ರಲ್ಲಿ ಇಸ್ತಾಂಬುಲಿನ ಯೂರೋವಿಷನ್ ಸ್ಪರ್ಧೆಯಲ್ಲಿ ಇಂಗ್ಲಿಷ್ ಹಾಡೊಂದನ್ನು ಹಾಡಿ ಹದಿನಾಲ್ಕನೆಯ ಸ್ಥಾನವನ್ನಷ್ಟೇ ಪಡೆದನು. ಅಂಕಗಳಿಂದ ಕಂಠವನ್ನು ಅಳೆಯಹೊರಡುವವರಿಗೆ ಅಷ್ಟು ಸಾಕೇನೊ.

ಅಕಾಲಮರಣವೇ ಆತನ ಕೀರ್ತಿಯನ್ನು ಹಿಗ್ಗಿಸಿತೆಂಬ ಮಾತುಂಟು. ಆದರೆ 2007ರ ಅಕ್ಟೋಬರ್ 5ರಂದು ಶಾಲೆಗಳ ಸಹಾಯಾರ್ಥವಾಗಿ ಆತ ಅದೇ ಸ್ಕೋಪ್ಯೆಯ ಕ್ರೀಡಾಂಗಣದಲ್ಲಿ ಹಾಡಿದಾಗ ನೆರೆದ ಜನಸಾಗರಕ್ಕೆ, ಮುಂದೆ ಹನ್ನೊಂದು ದಿನಗಳಲ್ಲಿ ಆಗಲಿದ್ದುದು ಹೇಗೆ ತಿಳಿದಿದ್ದೀತು? 16ರ ಬೆಳಗಿನಲ್ಲಿ, ಝಾಗ್ರೆಬ್ಬಿಗೆ ಹೋಗುವ ಹೆದ್ದಾರಿಯಲ್ಲಿ, ಕ್ರೊಯೇಷಿಯದ ನೋವಾ ಗ್ರಾದಿಷ್ಕದ ಬಳಿ ಆತನಿದ್ದ ಕಾರು ಮುಂದಿನ ಲಾರಿಗೆ ಬಡಿಯಿತು. ಎರಡನೆಯ ಮಹಾಯುದ್ಧಾನಂತರ ತರುಣರ ಶ್ರಮದಳಗಳು ನಿರ್ಮಿಸಿದ ಆ ಹೆದ್ದಾರಿಗೆ ಯುಗೊಸ್ಲಾವಿಯದ ಕಾಲದಲ್ಲಿ 'ಭ್ರಾತೃತ್ವ ಮತ್ತು ಐಕ್ಯ' ಎಂಬ ಹೆಸರಿದ್ದಿತು. ದೇಶ ಒಡೆದು ಆ ಹೆಸರು ಅಳಿದಿದ್ದರೂ, ಅದು ಕೂಡಿಸಿದ್ದ ಊರುಗಳೆಲ್ಲ ಅಂದು ಒಬ್ಬನಿಗಾಗಿ ಒಟ್ಟಿಗೆ ಅತ್ತುವು. ಮ್ಯಾಸಿಡೋನಿಯ ಸರಕಾರಿ ಗೌರವದೊಡನೆ ಕ್ರುಶೆವೊದಲ್ಲಿ ಅಂತ್ಯಕ್ರಿಯೆ ನೆರವೇರಿಸಿತು.

ಆತನ ಇಂಗ್ಲಿಷ್ ಹಾಡುಗಳ ಸಂಪುಟ ಮರಣಾನಂತರ 2009ರಲ್ಲಿ ಹೊರಬಂದಿತು. ವಿಶಾಲ ಜಗತ್ತಿನ ರುಚಿಗೆಂದು ಸಿದ್ಧಪಡಿಸಿದ ಆ ಹಾಡುಗಳಲ್ಲಿ ಸ್ವರವಿದೆ, ನೆಲದ ವಾಸನೆಯಿಲ್ಲ. ಮ್ಯಾಸಿಡೋನಿಯದ ಜನಪದ ಗೀತೆಗಳನ್ನು ಎತ್ತಿಕೊಂಡು 2006ರಲ್ಲಿ ಹೊರತಂದ 'ಬೊಝಿಲಾಕ್' ಸಂಪುಟವೇ ಬೇರೆ. ಅಲ್ಲಿ ಆತ ಮಾತಿಗೆ ಸಮೀಪವಾದ ತಗ್ಗುದನಿಯಲ್ಲಿ ಮೊದಲುಮಾಡಿ, ಆತುರಪಡದೆ, ಅಜ್ಜಿಯರಿಗೂ ಬಾಯಿಪಾಠವಾಗಿರುವ ಸಾಲುಗಳನ್ನು ತಾರಸ್ಥಾಯಿಗೆ ಒಯ್ಯುತ್ತಾನೆ. ಆತನನ್ನು ಹೊಸದಾಗಿ ಕೇಳಬಯಸುವವರು ಅಲ್ಲಿಂದಲೇ ಆರಂಭಿಸುವುದು ಲೇಸು.